ಗಾಳಿಯೋ, ಉಸಿರೋ, ಆತ್ಮವೋ? 'ಪ್ನೆವ್ಮ' ಅನ್ನುವ ಗ್ರೀಕ್ ಪದದ ಅರ್ಥ ನೀವೇ ಹುಡುಕುವ ಬಗೆ

ಬೈಬಲಿನಲ್ಲಿ ಯೋಹಾನನ ಸುವಾರ್ತೆ ಮೂರನೇ ಅಧ್ಯಾಯ, ಎಂಟನೇ ವಚನ ತೆಗೆಯಿರಿ. ರಾತ್ರಿ ಹೊತ್ತು ಬಂದ ನಿಕೊದೇಮನ ಜೊತೆ ಯೇಸು ಮಾತಾಡುತ್ತಿದ್ದಾರೆ. ಗಾಳಿ ತನಗೆ ಬೇಕಾದ ಕಡೆ ಬೀಸುತ್ತದೆ, ಸದ್ದು ಕೇಳಿಸುತ್ತದೆ, ಆದರೆ ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಅಂತ ನಿನಗೆ ಗೊತ್ತಾಗುವುದಿಲ್ಲ, ಆತ್ಮನಿಂದ ಹುಟ್ಟಿದವರೂ ಹಾಗೆಯೇ ಅನ್ನುವುದು ಆ ಮಾತಿನ ಸಾರ. ಕನ್ನಡದಲ್ಲಿ ಓದಿದಾಗ ಇದೊಂದು ಚೆಂದದ ಹೋಲಿಕೆ ಅನ್ನಿಸುತ್ತದೆ. ಗಾಳಿ ಒಂದು, ಆತ್ಮ ಇನ್ನೊಂದು. ಗ್ರೀಕಿನಲ್ಲಿ ಓದಿದವರಿಗೆ ಎರಡೂ ಒಂದೇ ಪದ. ವಚನದ ಮೊದಲಿಗೆ ಬರುವ ಗಾಳಿಯೂ ಪ್ನೆವ್ಮ, ಕೊನೆಗೆ ಬರುವ ಆತ್ಮವೂ ಪ್ನೆವ್ಮ. ನಡುವೆ ಬರುವ 'ಬೀಸುತ್ತದೆ' ಅನ್ನುವ ಕ್ರಿಯಾಪದವೂ ಅದೇ ಬೇರಿನಿಂದ ಬಂದದ್ದು.

ಇದು ಮೊದಲ ಸಲ ಗೊತ್ತಾದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟೆ. ಎಷ್ಟು ವರ್ಷದಿಂದ ಈ ವಚನ ಬಾಯಿಪಾಠ ಇತ್ತು! ಆಮೇಲೆ ಒಂದು ನೋಟ್‌ಬುಕ್ ತಗೊಂಡು ಈ ಪದ ಬರುವ ವಚನಗಳನ್ನು ಒಂದೊಂದಾಗಿ ಬರೆದುಕೊಳ್ಳಲು ಶುರುಮಾಡಿದೆ. ಗ್ರೀಕ್ ಬಾರದವರೂ ಈ ಕೆಲಸ ಮಾಡಬಹುದು. ಹೇಗೆ ಅಂತ ಹೇಳುತ್ತೇನೆ. ಕನ್ನಡ ಬಲ್ಲವರಿಗೆ ಇದರಲ್ಲಿ ಒಂದೆರಡು ಅನುಕೂಲಗಳೂ ಇವೆ, ಅದನ್ನೂ ಹೇಳುತ್ತೇನೆ.

ಮೊದಲು ಪದವನ್ನು ಗುರುತು ಹಿಡಿಯಿರಿ

ಗ್ರೀಕ್ ಅಕ್ಷರಗಳು ಇರುವುದು 24. ಒಂದು ವಾರ ದಿನಕ್ಕೆ ಹದಿನೈದು ನಿಮಿಷ ಕೂತರೆ ಓದಲು ಬರುತ್ತದೆ, ಅರ್ಥ ಆಗದಿದ್ದರೂ ಪದದ ಆಕಾರ ಕಣ್ಣಿಗೆ ಸಿಗುತ್ತದೆ. ನಮ್ಮ ಪದದಲ್ಲಿ ಆರು ಅಕ್ಷರ: ಪೈ, ನು, ಎಪ್ಸಿಲಾನ್, ಉಪ್ಸಿಲಾನ್, ಮು, ಆಲ್ಫಾ. ಇಂಗ್ಲಿಷಿನವರು ಮೊದಲಿನ 'ಪ್' ನುಂಗಿಬಿಡುತ್ತಾರೆ. ಗ್ರೀಕರು ನುಂಗುತ್ತಿರಲಿಲ್ಲ, ನಾವೂ ನುಂಗಬೇಕಾಗಿಲ್ಲ. ಹಳೇ ಕಾಲದ ಉಚ್ಚಾರಣೆ 'ಪ್ನೆಉಮ' ಅಂತ ಇತ್ತು, ಇವತ್ತಿನ ಗ್ರೀಕರು 'ಪ್ನೆವ್ಮ' ಅನ್ನುತ್ತಾರೆ. ನಾನು ಎರಡನೆಯದನ್ನೇ ಬಳಸುತ್ತೇನೆ, ನಾಲಿಗೆಗೆ ಸಲೀಸು.

ಪದ ಎಲ್ಲ ಕಡೆ ಒಂದೇ ರೂಪದಲ್ಲಿ ಸಿಗುವುದಿಲ್ಲ. ಪ್ನೆವ್ಮ, ಪ್ನೆವ್ಮತೋಸ್, ಪ್ನೆವ್ಮತಿ, ಪ್ನೆವ್ಮತ ಹೀಗೆ ಬಾಲ ಬದಲಾಗುತ್ತದೆ. ಹೆದರಬೇಡಿ, ಇವು ವಿಭಕ್ತಿಗಳು. ಗಾಳಿ, ಗಾಳಿಯ, ಗಾಳಿಗೆ, ಗಾಳಿಗಳು ಅಂತ ನಾವು ದಿನವೂ ಮಾಡುವುದೇ. ಇಂಗ್ಲಿಷ್ ಮೂಲಕ ಗ್ರೀಕ್ ಕಲಿಯುವವರು ಈ ವಿಭಕ್ತಿ ಹತ್ತಿರ ಬಂದಾಗ ಒದ್ದಾಡುತ್ತಾರೆ. ನಿಮಗೆ ಒದ್ದಾಟ ಕಮ್ಮಿ.

ಅಕ್ಷರ ಕಲಿಯಲು ಪುರುಸೊತ್ತಿಲ್ಲ ಅಂದರೆ ಸ್ಟ್ರಾಂಗ್ ನಂಬರ್ ಹಿಡಿಯಿರಿ. ಜೇಮ್ಸ್ ಸ್ಟ್ರಾಂಗ್ ಅನ್ನುವವರು 1890ರಲ್ಲಿ ಬೈಬಲಿನ ಪದಗಳಿಗೆಲ್ಲ ಒಂದೊಂದು ನಂಬರ್ ಕೊಟ್ಟು ಪದಸೂಚಿ ಹೊರತಂದರು. ಗ್ರೀಕ್ ಪಟ್ಟಿಯಲ್ಲಿ ಪ್ನೆವ್ಮದ ನಂಬರ್ 4151. ಸ್ಟೆಪ್ ಬೈಬಲ್, ಬೈಬಲ್ ಹಬ್, ಬ್ಲೂ ಲೆಟರ್ ಬೈಬಲ್ ಈ ಮೂರು ವೆಬ್‌ಸೈಟ್‌ಗಳೂ ದುಡ್ಡಿಲ್ಲದೆ ಸಿಗುತ್ತವೆ. ಯಾವುದರಲ್ಲಾದರೂ ಆ ನಂಬರ್ ಹಾಕಿದರೆ ಹೊಸ ಒಡಂಬಡಿಕೆಯಲ್ಲಿ, ಅಂದರೆ ಬೈಬಲಿನ ಗ್ರೀಕಿನಲ್ಲಿ ಬರೆದ ಭಾಗದಲ್ಲಿ, ಈ ಪದ ಬರುವ ಜಾಗಗಳೆಲ್ಲ ಸಾಲಾಗಿ ಬರುತ್ತವೆ. ಸುಮಾರು 380 ಸಲ ಬರುತ್ತದೆ. ಜಾಸ್ತಿ ಅನ್ನಿಸಿತಾ? ಎಲ್ಲವನ್ನೂ ಒಂದೇ ದಿನ ನೋಡಬೇಕಾಗಿಲ್ಲ.

ಆದರೆ ಒಂದು ಮಾತು. ಆ ನಂಬರಿನ ಕೆಳಗೆ ಗಾಳಿ, ಉಸಿರು, ಆತ್ಮ, ದೆವ್ವ, ಮನೋಭಾವ ಅಂತ ಅರ್ಥಗಳ ಒಂದು ಪಟ್ಟಿ ಇರುತ್ತದೆ ನೋಡಿ, ಅಲ್ಲೇ ನಿಂತುಬಿಡಬೇಡಿ. ಅದು ಹೋಟೆಲಿನ ತಿಂಡಿ ಪಟ್ಟಿಯಲ್ಲ, ಇಷ್ಟವಾದದ್ದನ್ನು ಆರಿಸಿಕೊಳ್ಳಲು. ಪದಕ್ಕೆ ಅರ್ಥ ಕೊಡುವುದು ಅದು ಕೂತ ವಾಕ್ಯ. ನಮ್ಮ 'ಗಾಳಿ'ಯನ್ನೇ ತಗೊಳ್ಳಿ. ಟೈರಿಗೆ ಗಾಳಿ ಹಾಕಿಸಿದೆ ಅನ್ನುತ್ತೇವೆ. ಗಾಳಿಸುದ್ದಿ ನಂಬಬೇಡ ಅನ್ನುತ್ತೇವೆ. ಮಗುವಿಗೆ ಗಾಳಿ ಸೋಕಿದೆ, ಯಾರ ಹತ್ತಿರವಾದರೂ ತೋರಿಸಿ ಅಂತಲೂ ಹಳ್ಳಿಯಲ್ಲಿ ಹೇಳುತ್ತಾರೆ. ಮೂರೂ ಕಡೆ ಅದೇ ಪದ, ಆದರೆ ಟೈರಿನೊಳಗೆ ದೆವ್ವ ಇದೆ ಅಂತ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಬೈಬಲ್ ಪದದ ಹತ್ತಿರ ಬಂದಾಗ ಮಾತ್ರ ನಾವು ಈ ತಪ್ಪು ಮಾಡಿಬಿಡುತ್ತೇವೆ. ಎಲ್ಲ ಅರ್ಥಗಳನ್ನೂ ಒಟ್ಟುಮಾಡಿ ಒಂದೇ ವಚನದ ಮೇಲೆ ಹೇರುತ್ತೇವೆ. ಜೇಮ್ಸ್ ಬಾರ್ ಅನ್ನುವ ವಿದ್ವಾಂಸರು 1961ರಲ್ಲೇ ಈ ತಪ್ಪನ್ನು ಎತ್ತಿ ತೋರಿಸಿದ್ದರು. ಪ್ರಸಂಗಗಳಲ್ಲಿ ಇವತ್ತಿಗೂ ನಡೆಯುತ್ತಲೇ ಇದೆ.

ಅಂದ ಹಾಗೆ 'ಗಾಳಿ ಸೋಕಿದೆ' ಅನ್ನುವ ಮಾತು ನಮ್ಮಲ್ಲಿದೆಯಲ್ಲ, ಅದು ನಮಗಿರುವ ದೊಡ್ಡ ಅನುಕೂಲ. ಬೀಸುವ ಗಾಳಿಗೂ ಕಣ್ಣಿಗೆ ಕಾಣದೆ ಮನುಷ್ಯನನ್ನು ಹಿಡಿಯುವುದಕ್ಕೂ ಒಂದೇ ಪದ ಹೇಗೆ ಸಾಧ್ಯ ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮಾರ್ಕ 1:23ರಲ್ಲಿ ಕಪೆರ್ನೌಮಿನ ಸಭಾಮಂದಿರದಲ್ಲಿ ಕೂಗಿಕೊಂಡ ಮನುಷ್ಯನೊಳಗೆ ಇದ್ದದ್ದೂ ಪ್ನೆವ್ಮ, 'ಅಶುದ್ಧ' ಅನ್ನುವ ವಿಶೇಷಣ ಸೇರಿಸಿ. ನಮ್ಮ ಅಜ್ಜಿಯರ ಭಾಷೆಯಲ್ಲಿ ಅದು ಗಾಳಿಯೇ.

ನೋಟ್‌ಬುಕ್ಕಿನಲ್ಲಿ ಐದು ಪುಟ

ಈಗ ಕೆಲಸ. ಐದು ಪುಟ ಬಿಟ್ಟುಕೊಳ್ಳಿ. ಮೇಲೆ ಗಾಳಿ, ಉಸಿರು, ಮನುಷ್ಯನ ಒಳಗು, ಕಣ್ಣಿಗೆ ಕಾಣದ ಜೀವಿಗಳು, ದೇವರ ಆತ್ಮ ಅಂತ ಬರೆಯಿರಿ. ಕೊನೆಗೆ ಇನ್ನೊಂದು ಪುಟ ಖಾಲಿ ಇಡಿ, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಪ್ರತಿ ವಚನವನ್ನೂ ಕೈಯಲ್ಲೇ ಬರೆಯಿರಿ. ಫೋನಿನಲ್ಲಿ ಕಾಪಿ ಮಾಡಿದರೆ ಕಣ್ಣು ಓಡಿಬಿಡುತ್ತದೆ. ಕೈಯಲ್ಲಿ ಬರೆದಾಗ ಪಕ್ಕದ ಪದಗಳೂ ಕಾಣುತ್ತವೆ, ನಮಗೆ ಬೇಕಾದದ್ದು ಆ ಪಕ್ಕದ ಪದಗಳೇ.

ಪಕ್ಕದ ಪದ ಅಂದರೆ ಏನು ನೋಡಬೇಕು? ಮೊದಲು ಕ್ರಿಯಾಪದ. ಬೀಸುತ್ತದೆ ಅಂದರೆ ಗಾಳಿ ಕಡೆ ವಾಲುತ್ತದೆ. 'ಬಾಯಿಯ' ಅನ್ನುವ ಪದ ಅಂಟಿಕೊಂಡಿದ್ದರೆ ಉಸಿರು. 2 ಥೆಸಲೋನಿಕ 2:8ರಲ್ಲಿ ಕರ್ತನು ಬಾಯಿಯ ಪ್ನೆವ್ಮದಿಂದ ಅಧರ್ಮಿಯನ್ನು ಕೊಲ್ಲುತ್ತಾನೆ ಅಂತ ಬರುತ್ತದೆ, ಅದು ಉಸಿರು. 'ಪವಿತ್ರ' ಅಂತ ಸೇರಿದ್ದರೆ ಐದನೇ ಪುಟ. 'ಅಶುದ್ಧ', 'ದುಷ್ಟ' ಅಂತಿದ್ದರೆ ನಾಲ್ಕನೇ ಪುಟ. ಎದುರಿಗೆ ಯಾವ ಪದ ನಿಲ್ಲಿಸಿದ್ದಾರೆ ಅನ್ನುವುದನ್ನೂ ನೋಡಿ. ಗಲಾತ್ಯ 5:17ರಲ್ಲಿ ಎದುರಿಗೆ ಇರುವುದು ಸಾರ್ಕ್ಸ್, ಅಂದರೆ ಮಾಂಸ, ಶರೀರಭಾವ. ಯಾಕೋಬ 2:26ರಲ್ಲಿ ಎದುರಿಗೆ ಇರುವುದು ಸೋಮ, ಅಂದರೆ ಬರೀ ದೇಹ. ಎದುರಾಳಿ ಬದಲಾದಾಗ ಪ್ನೆವ್ಮದ ಬಣ್ಣವೂ ಬದಲಾಗುತ್ತದೆ.

ಆ ಯಾಕೋಬನ ವಚನದ ಹತ್ತಿರ ಸ್ವಲ್ಪ ನಿಲ್ಲೋಣ. ಪ್ನೆವ್ಮ ಇಲ್ಲದ ದೇಹ ಸತ್ತದ್ದು, ಹಾಗೆಯೇ ಕ್ರಿಯೆಗಳಿಲ್ಲದ ನಂಬಿಕೆಯೂ ಸತ್ತದ್ದು ಅನ್ನುತ್ತಾನೆ ಯಾಕೋಬ. 'ಆತ್ಮವಿಲ್ಲದ ದೇಹ' ಅಂತ ಓದಿದಾಗ ನನ್ನ ತಲೆ ಸೀದಾ ತತ್ವದ ಕಡೆ ಹೋಗುತ್ತಿತ್ತು. ನಮ್ಮ ಅಜ್ಜಿ ತೀರಿಕೊಂಡ ಬೆಳಗಿನ ಜಾವ ದೊಡ್ಡಪ್ಪ ದಿಂಬಿನ ಅಂಚಿನಿಂದ ಒಂದು ಎಳೆ ಹತ್ತಿ ಕಿತ್ತು ಅಜ್ಜಿಯ ಮೂಗಿನ ಹತ್ತಿರ ಹಿಡಿದರು. ಎಲ್ಲರೂ ಆ ಎಳೆಯನ್ನೇ ನೋಡುತ್ತಿದ್ದೆವು. ಅಲುಗಲಿಲ್ಲ. "ಉಸಿರು ಹೋಯ್ತು" ಅಂದರು ದೊಡ್ಡಪ್ಪ. ಯಾಕೋಬನ ಪತ್ರವನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದ ಮೊದಲ ಶತಮಾನದ ಜನಕ್ಕೆ ಆ ವಚನದಲ್ಲಿ ಕಂಡದ್ದು ಹೆಚ್ಚುಕಮ್ಮಿ ಆ ಹತ್ತಿ ಎಳೆಯೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಹಾಗೆ ಓದಿದರೆ ಆ ಹೋಲಿಕೆ ಎಷ್ಟು ಚುರುಕಾಗಿ ತಾಗುತ್ತದೆ ನೋಡಿ: ನಿನ್ನ ನಂಬಿಕೆಯ ಮೂಗಿನ ಹತ್ತಿರ ಹತ್ತಿ ಹಿಡಿದರೆ ಅಲುಗುತ್ತದಾ?

ಶಿಲುಬೆಯ ಹತ್ತಿರವೂ ಇದೇ ರೀತಿ ನಾಲ್ಕು ಸುವಾರ್ತೆ ಪಕ್ಕಪಕ್ಕ ಇಟ್ಟು ಓದಿ. ಮಾರ್ಕ 15:37ರಲ್ಲಿ ಪ್ನೆವ್ಮ ಅನ್ನುವ ನಾಮಪದವೇ ಇಲ್ಲ, 'ಎಕ್ಸೆಪ್ನೆವ್ಸೆನ್' ಅನ್ನುವ ಒಂದೇ ಕ್ರಿಯಾಪದ ಇದೆ, ಉಸಿರು ಹೊರಗೆ ಬಿಟ್ಟರು ಅಂತ. ಮತ್ತಾಯ 27:50ರಲ್ಲಿ ಪ್ನೆವ್ಮವನ್ನು ಬಿಟ್ಟರು. ಲೂಕ 23:46ರಲ್ಲಿ ತಂದೆಯೇ ನಿನ್ನ ಕೈಗೆ ನನ್ನ ಪ್ನೆವ್ಮವನ್ನು ಒಪ್ಪಿಸುತ್ತೇನೆ ಅಂದು, ಆಮೇಲೆ ಮಾರ್ಕನ ಅದೇ ಕ್ರಿಯಾಪದ. ಯೋಹಾನ 19:30ರಲ್ಲಿ ತಲೆ ಬಾಗಿಸಿ ಪ್ನೆವ್ಮವನ್ನು 'ಪರೇದೋಕೆನ್', ಅಂದರೆ ಒಪ್ಪಿಸಿಕೊಟ್ಟರು, ಕೈಗೆ ದಾಟಿಸಿದರು. ಯಾರಿಗೆ ಅಂತ ಯೋಹಾನ ಹೇಳುವುದಿಲ್ಲ. ಒಂದೇ ಕೊನೆಯುಸಿರನ್ನು ನಾಲ್ಕು ಜನ ನಾಲ್ಕು ರೀತಿ ಬರೆದಿದ್ದಾರೆ, ನಮ್ಮ ಅನುವಾದಗಳಲ್ಲಿ ಅದು 'ಪ್ರಾಣ ಬಿಟ್ಟನು' ಅಂತ ಒಂದೇ ಥರ ಕೇಳಿಸಿಬಿಡುವುದುಂಟು.

ಹಿಂದಕ್ಕೆ ಹೋಗಿ, ಹೀಬ್ರೂ ಕಡೆ ಒಮ್ಮೆ ನೋಡಿ

ಹೊಸ ಒಡಂಬಡಿಕೆ ಬರೆದವರು ಗ್ರೀಕ್ ಬಳಸಿದರೂ ಕಿವಿಯಲ್ಲಿ ಹೀಬ್ರೂ ಶಾಸ್ತ್ರ ತುಂಬಿಕೊಂಡಿತ್ತು. ಕ್ರಿಸ್ತಪೂರ್ವ ಮೂರನೇ ಶತಮಾನದಿಂದ ಯೆಹೂದಿಗಳು ತಮ್ಮ ಶಾಸ್ತ್ರವನ್ನು ಗ್ರೀಕಿಗೆ ತರಲು ಶುರುಮಾಡಿದರು. ಅದಕ್ಕೆ ಸೆಪ್ಟುವಜಿಂಟ್ ಅಂತ ಹೆಸರು. ಅದರಲ್ಲಿ ಹೀಬ್ರೂವಿನ 'ರೂಆಖ್' ಅನ್ನುವ ಪದಕ್ಕೆ ಹೆಚ್ಚಾಗಿ ಪ್ನೆವ್ಮ ಅಂತಲೇ ಹಾಕಿದ್ದಾರೆ. ರೂಆಖ್ ಕೂಡ ಗಾಳಿ, ಉಸಿರು, ಆತ್ಮ ಮೂರೂ ಹೌದು. ಆದಿಕಾಂಡ 8:1ರಲ್ಲಿ ಜಲಪ್ರಳಯದ ನೀರು ಇಳಿಯಲೆಂದು ದೇವರು ಭೂಮಿಯ ಮೇಲೆ ಬೀಸುವಂತೆ ಮಾಡಿದ್ದು ರೂಆಖ್, ಗ್ರೀಕಿನಲ್ಲಿ ಪ್ನೆವ್ಮ.

ಇಷ್ಟೇ ಸಾಲದು ಅನ್ನುವವರು ಯೆಹೆಜ್ಕೇಲ 37 ತೆಗೆಯಿರಿ. ಒಣಗಿದ ಎಲುಬುಗಳ ಕಣಿವೆ. ಮೊದಲ ಹದಿನಾಲ್ಕು ವಚನದಲ್ಲಿ ರೂಆಖ್ ಹತ್ತು ಸಲ ಬರುತ್ತದೆ. ಪ್ರವಾದಿಯನ್ನು ಅಲ್ಲಿಗೆ ಒಯ್ದದ್ದು ಕರ್ತನ ರೂಆಖ್, ನಾಲ್ಕು ದಿಕ್ಕಿನ ಗಾಳಿಗಳೂ ರೂಆಖ್, ಸತ್ತವರೊಳಗೆ ಹೊಕ್ಕ ಉಸಿರೂ ರೂಆಖ್, ಕೊನೆಗೆ ನನ್ನ ಆತ್ಮವನ್ನು ನಿಮ್ಮಲ್ಲಿ ಇಡುವೆನು ಅನ್ನುವಾಗಲೂ ರೂಆಖ್. ಒಂದು ಪೆನ್ಸಿಲ್ ತಗೊಂಡು ಕನ್ನಡ ಬೈಬಲಿನಲ್ಲಿ ಆ ಹತ್ತು ಜಾಗಕ್ಕೂ ವೃತ್ತ ಹಾಕಿ. ಬೇರೆ ಬೇರೆ ಪದಗಳ ಸುತ್ತ ವೃತ್ತ ಬೀಳುತ್ತಾ ಹೋಗುವುದನ್ನು ನೋಡಿದಾಗ ಅನುವಾದಕರ ಕಷ್ಟ ಏನು ಅಂತ ಗೊತ್ತಾಗುತ್ತದೆ. ಅವರ ಮೇಲೆ ಗೌರವವೂ ಜಾಸ್ತಿ ಆಗುತ್ತದೆ.

ಈಗ ಯೋಹಾನ 20:22ಕ್ಕೆ ಬನ್ನಿ. ಎದ್ದು ಬಂದ ಯೇಸು ಶಿಷ್ಯರ ಮೇಲೆ ಉಸಿರೂದಿ, ಪವಿತ್ರಾತ್ಮವನ್ನು ತೆಗೆದುಕೊಳ್ಳಿ ಅನ್ನುತ್ತಾರೆ. 'ಊದಿದರು' ಅನ್ನುವುದಕ್ಕೆ ಇರುವ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೆಲ್ಲೂ ಇಲ್ಲ, ಇದೊಂದೇ ಕಡೆ. ಆದರೆ ಗ್ರೀಕ್ ಹಳೇ ಒಡಂಬಡಿಕೆಯಲ್ಲಿ, ಅಂದರೆ ಆ ಸೆಪ್ಟುವಜಿಂಟಿನಲ್ಲಿ, ಅದೇ ಕ್ರಿಯಾಪದ ಆದಿಕಾಂಡ 2:7ರಲ್ಲಿ ಇದೆ, ಮಣ್ಣಿನ ಮನುಷ್ಯನ ಮುಖದ ಮೇಲೆ ದೇವರು ಊದುವ ಜಾಗದಲ್ಲಿ. ಯೆಹೆಜ್ಕೇಲ 37:9ರಲ್ಲೂ ಇದೆ. ಯೋಹಾನ ಬೇಕೆಂದೇ ಆ ಪದ ಆರಿಸಿದ್ದಾನೆ ಅಂತ ನಾನು ನಂಬುತ್ತೇನೆ. ಕನ್ನಡದಲ್ಲಿ 'ಊದು' ಅನ್ನುವ ಪದಕ್ಕೆ ಇಲ್ಲಿ ತುಂಬಾ ಶಕ್ತಿ ಇದೆ. ಬೂದಿ ಮುಚ್ಚಿದ ಕೆಂಡಕ್ಕೆ ಊದುಕೊಳವೆ ಹಿಡಿದು ಅಮ್ಮ ಊದಿದಾಗ ಮೊದಲು ಬೂದಿ ಹಾರಿ, ಆಮೇಲೆ ಒಳಗಿನ ಕೆಂಪು ಕಂಡು, ಒಂದು ಕ್ಷಣ ಬಿಟ್ಟು ಪುರಳೆಗೆ ಬೆಂಕಿ ಹತ್ತುತ್ತದಲ್ಲ, ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದ ಆ ಶಿಷ್ಯರ ಕಥೆ ಓದುವಾಗ ನನಗೆ ಅದೇ ಕಣ್ಣಿಗೆ ಕಟ್ಟುತ್ತದೆ.

ನೆರೆಹೊರೆಯ ಪದಗಳು

ಒಂದು ಪದದ ಎಲ್ಲೆ ಗೊತ್ತಾಗಬೇಕಾದರೆ ಅದರ ಪಕ್ಕದ ಮನೆಯವರನ್ನೂ ಪರಿಚಯ ಮಾಡಿಕೊಳ್ಳಬೇಕು. ಸುಮ್ನೆ ಬೀಸುವ ಗಾಳಿಗೆ, ಬಿರುಗಾಳಿಗೆ ಹೊಸ ಒಡಂಬಡಿಕೆಯಲ್ಲಿ ಸಾಮಾನ್ಯವಾಗಿ ಬರುವ ಪದ 'ಆನೆಮೋಸ್'. ಗಲಿಲಾಯ ಸಮುದ್ರದಲ್ಲಿ ದೋಣಿ ಅಲ್ಲಾಡಿಸಿದ್ದು ಆನೆಮೋಸ್. ಪಂಚಾಶತ್ತಮ ಹಬ್ಬದ ದಿನ ಶಿಷ್ಯರಿದ್ದ ಮನೆಯೆಲ್ಲ ತುಂಬಿದ ಸದ್ದನ್ನು ಅಪೊಸ್ತಲರ ಕೃತ್ಯಗಳು 2:2 'ಪ್ನೊಇ' ಬೀಸಿದ ಹಾಗೆ ಅನ್ನುತ್ತದೆ, ಅದು ಪ್ನೆವ್ಮದ ತಂಗಿಯಂಥ ಪದ. ಎರಡು ವಚನ ಆದ ಮೇಲೆ ಎಲ್ಲರೂ ಪವಿತ್ರ ಪ್ನೆವ್ಮದಿಂದ ತುಂಬಿದರು. ಪ್ನೊಇ ಇನ್ನೊಂದೇ ಒಂದು ಕಡೆ ಬರುತ್ತದೆ, 17:25ರಲ್ಲಿ, ದೇವರು ಎಲ್ಲರಿಗೂ ಜೀವ ಮತ್ತು ಉಸಿರು ಕೊಡುತ್ತಾನೆ ಅನ್ನುವಾಗ.

ಇದು ಗೊತ್ತಾದ ಮೇಲೆ ಯೋಹಾನ 3:8ಕ್ಕೆ ಮತ್ತೆ ಬನ್ನಿ. ಗಾಳಿ ಅಂತ ಮಾತ್ರ ಹೇಳಬೇಕಿದ್ದರೆ ಆನೆಮೋಸ್ ಕೈಗೆ ಸಿಗುವ ಹಾಗೆ ಇತ್ತು. ಆರನೇ ಅಧ್ಯಾಯದಲ್ಲಿ ಯೋಹಾನ ಅದನ್ನು ಬಳಸಿಯೂ ಇದ್ದಾನೆ. ಇಲ್ಲಿ ಮಾತ್ರ ಅದನ್ನು ಬಿಟ್ಟು ಪ್ನೆವ್ಮ ಅಂದ. ಎರಡರ್ಥ ಅವನಿಗೆ ಬೇಕಿತ್ತು. ಲ್ಯಾಟಿನ್ ಬೈಬಲ್ ಇಲ್ಲಿ ಎರಡು ಕಡೆಯೂ 'ಸ್ಪಿರಿಟುಸ್' ಅಂತ ಇಟ್ಟುಕೊಂಡಿತು. 1611ರ ಇಂಗ್ಲಿಷ್ ಬೈಬಲ್ ವಚನದ ಮೊದಲಿನ ಪ್ನೆವ್ಮವನ್ನು ಗಾಳಿ ಅಂತ ಮಾಡಿತು. ಕನ್ನಡದವರೂ ಗಾಳಿ ದಾರಿಯಲ್ಲೇ ನಡೆದರು. ತಪ್ಪು ಅಂತ ಹೇಳುವುದಿಲ್ಲ, ಆದರೆ ಓದುವವರಿಗೆ ಒಂದು ಅಡಿಟಿಪ್ಪಣಿ ಬೇಕೇ ಬೇಕು.

ಇನ್ನೊಂದು ನೆರೆಯ ಪದ 'ಪ್ಸಿಖಿ', ಪ್ರಾಣ, ಜೀವ. 1 ಥೆಸಲೋನಿಕ 5:23ರಲ್ಲಿ ಪ್ನೆವ್ಮ, ಪ್ಸಿಖಿ, ಸೋಮ ಮೂರೂ ಸಾಲಾಗಿ ಬರುತ್ತವೆ. ಅದನ್ನು ಹಿಡಿದು ಮನುಷ್ಯನಿಗೆ ಮೂರು ಭಾಗ ಅಂತ ಕೆಲವರು, ಇಲ್ಲ ಎರಡೇ ಅಂತ ಕೆಲವರು ತುಂಬಾ ವಾದ ಮಾಡುತ್ತಾರೆ. ಅಲ್ಲಿ ಪತ್ರ ಬರೆದ ಪೌಲ ಅಂಗರಚನೆ ಪಾಠ ಮಾಡುತ್ತಿಲ್ಲ, 'ನೀವು ಪೂರ್ತಿಯಾಗಿ' ಅಂತ ಹರಸುತ್ತಿದ್ದಾನೆ ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ಅಕ್ಷರ, ಮತ್ತೆ ನಮ್ಮ 'ನು' ಮತ್ತು 'ವು'

ಇಂಗ್ಲಿಷ್ ಬೈಬಲಿನಲ್ಲಿ ದೇವರ ಆತ್ಮ ಅಂದರೆ ಪದದ ಮೊದಲಿಗೆ ದೊಡ್ಡ ಅಕ್ಷರ, ಮನುಷ್ಯನ ಆತ್ಮ ಅಂದರೆ ಚಿಕ್ಕ ಅಕ್ಷರ. ಹಳೇ ಗ್ರೀಕ್ ಹಸ್ತಪ್ರತಿಗಳಲ್ಲಿ ಈ ಭೇದ ಇಲ್ಲವೇ ಇಲ್ಲ. ನಾಲ್ಕನೇ ಶತಮಾನದ ಸಿನಾಯ್ ಹಸ್ತಪ್ರತಿಯ ಚಿತ್ರಗಳು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಸಿಗುತ್ತವೆ, ಒಮ್ಮೆ ನೋಡಿ. ಎಲ್ಲ ಒಂದೇ ಅಳತೆಯ ಅಕ್ಷರ, ಪದಗಳ ನಡುವೆ ಜಾಗ ಕೂಡ ಇಲ್ಲ. ಪ್ನೆವ್ಮವನ್ನು ಎಷ್ಟೋ ಕಡೆ ಪೈ, ನು, ಆಲ್ಫಾ ಅಂತ ಮೂರೇ ಅಕ್ಷರಕ್ಕೆ ಇಳಿಸಿ ಮೇಲೆ ಒಂದು ಗೆರೆ ಎಳೆದಿರುತ್ತಾರೆ. ಹೀಗಾಗಿ ಇಂಗ್ಲಿಷಿನ ದೊಡ್ಡ ಅಕ್ಷರ ನೋಡಿದಾಗ, ಇದು ಅನುವಾದಕರ ತೀರ್ಮಾನ ಅಂತ ನೆನಪಿಟ್ಟುಕೊಳ್ಳಿ.

ಕನ್ನಡ ಲಿಪಿಯಲ್ಲಿ ದೊಡ್ಡ ಅಕ್ಷರ ಚಿಕ್ಕ ಅಕ್ಷರ ಇಲ್ಲ, ಆ ಹಳೇ ಗ್ರೀಕ್ ಪ್ರತಿಗಳ ಹಾಗೆಯೇ. ಹಾಗಂತ ನಮ್ಮವರು ತೀರ್ಮಾನ ಮಾಡಿಲ್ಲ ಅಂತಲ್ಲ. 'ಆತ್ಮನು' ಮತ್ತು 'ಆತ್ಮವು' ಈ ಎರಡನ್ನು ಗಮನಿಸಿ. ದೇವರ ಆತ್ಮಕ್ಕೆ ಪುಲ್ಲಿಂಗ, ಮನುಷ್ಯನ ಆತ್ಮಕ್ಕೆ ನಪುಂಸಕ ಲಿಂಗ ಅಂತ ಹಲವು ಕಡೆ ಮಾಡಿದ್ದಾರೆ. ಇಂಗ್ಲಿಷಿನವರು ಅಕ್ಷರದ ಅಳತೆಯಲ್ಲಿ ಮಾಡಿದ್ದನ್ನು ನಾವು ಪದದ ಕೊನೆಯಲ್ಲಿ ಮಾಡಿಕೊಂಡೆವು. ಗ್ರೀಕಿನಲ್ಲಿ ಪ್ನೆವ್ಮ ಯಾವಾಗಲೂ ನಪುಂಸಕ ಲಿಂಗವೇ. ಹೀಬ್ರೂವಿನ ರೂಆಖ್ ಹೆಚ್ಚಾಗಿ ಸ್ತ್ರೀಲಿಂಗ, ಲ್ಯಾಟಿನ್ನಿನ ಸ್ಪಿರಿಟುಸ್ ಪುಲ್ಲಿಂಗ. ವ್ಯಾಕರಣದ ಲಿಂಗ ಹಿಡಿದು ದೇವರ ಸ್ವರೂಪ ತೀರ್ಮಾನ ಮಾಡಲು ಹೋಗಬೇಡಿ ಅನ್ನುವುದಕ್ಕೆ ಈ ಮೂರು ಭಾಷೆಗಳೇ ಸಾಕು. ಆದರೆ ಓದುವಾಗ 'ನು' ಕಂಡಲ್ಲಿ ಒಂದು ಗುರುತು ಹಾಕಿ, ಗ್ರೀಕ್ ಏನು ಹೇಳುತ್ತದೆ ಅಂತ ತೆಗೆದು ನೋಡಿ. ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯ ಇದಕ್ಕೆ ಒಳ್ಳೆಯ ಜಾಗ. 8:16ರಲ್ಲಿ ಒಂದೇ ವಚನದಲ್ಲಿ ದೇವರ ಪ್ನೆವ್ಮ ನಮ್ಮ ಪ್ನೆವ್ಮದ ಜೊತೆ ಸೇರಿ ಸಾಕ್ಷಿ ಹೇಳುತ್ತದೆ.

ಇನ್ನೂ ಒಂದು ಎಚ್ಚರಿಕೆ 'ಆತ್ಮ' ಅನ್ನುವ ನಮ್ಮ ಪದದ ಬಗ್ಗೆ. ಅದು ಸಂಸ್ಕೃತದಿಂದ ಬರುವಾಗ ಉಪನಿಷತ್ತುಗಳ ಕಾಲದಿಂದ ನಡೆದ ಚರ್ಚೆಯನ್ನೆಲ್ಲ ಜೊತೆಗೆ ಹೊತ್ತುಕೊಂಡೇ ಬಂದಿದೆ. ಹುಟ್ಟಿಲ್ಲ, ಸಾವಿಲ್ಲ, ಅಲುಗುವುದಿಲ್ಲ ಅನ್ನುವ ಆತ್ಮ ಅದು. ಪ್ನೆವ್ಮ ಬೀಸುತ್ತದೆ, ಬರುತ್ತದೆ, ಹೋಗುತ್ತದೆ, ತುಂಬುತ್ತದೆ. ಓದುವಾಗ ಎರಡನ್ನೂ ಬೆರೆಸಬೇಡಿ. ನನಗೆ ಕೇಳಿದರೆ 'ಉಸಿರು' ಅನ್ನುವ ಅಚ್ಚಗನ್ನಡ ಪದ ಪ್ನೆವ್ಮದ ಮೈಗೆ ಹೆಚ್ಚು ಹತ್ತಿರ, ಆದರೆ ಎಲ್ಲ ಕಡೆ ಅದು ಒಗ್ಗುವುದಿಲ್ಲ ಅನ್ನುವುದೂ ನಿಜ. ಲೂಕ 24:37ರಲ್ಲಿ ಶಿಷ್ಯರು ಹೆದರಿ ಪ್ನೆವ್ಮ ಕಂಡೆವು ಅಂದುಕೊಂಡಾಗ ಅಲ್ಲಿ ಭೂತ ಅಂತಲೇ ಹೇಳಬೇಕು, ಉಸಿರು ಅಂದರೆ ವಾಕ್ಯವೇ ನಿಲ್ಲುವುದಿಲ್ಲ.

ಆ ಖಾಲಿ ಪುಟ

ಕೆಲವು ವಚನಗಳು ಯಾವ ಪುಟಕ್ಕೂ ಪೂರ್ತಿ ಹೋಗುವುದಿಲ್ಲ. ಅವನ್ನು ಕೊನೆಯ ಖಾಲಿ ಪುಟದಲ್ಲಿ ಬರೆಯಿರಿ, ಬಲವಂತ ಮಾಡಬೇಡಿ. ಇಬ್ರಿಯರಿಗೆ 1:7 ಅಂಥದ್ದು. ದೇವರು ತನ್ನ ದೂತರನ್ನು ಪ್ನೆವ್ಮತ ಮಾಡುತ್ತಾನೆ ಅಂತ ಕೀರ್ತನೆಯಿಂದ ಎತ್ತಿ ಹೇಳಿದ್ದಾರೆ, ಪಕ್ಕದಲ್ಲೇ ಬೆಂಕಿಯ ಜ್ವಾಲೆ ಅಂತ ಇರುವುದರಿಂದ ಗಾಳಿಗಳು ಅಂತ ಓದುವುದೇ ಸರಿ. ಅದೇ ಅಧ್ಯಾಯದ 14ನೇ ವಚನಕ್ಕೆ ಬರುವಷ್ಟರಲ್ಲಿ ಅದೇ ದೂತರು 'ಸೇವೆ ಮಾಡುವ ಪ್ನೆವ್ಮತ', ಅಲ್ಲಿ ಆತ್ಮಗಳು ಅನ್ನಲೇಬೇಕು. ಮತ್ತಾಯ 5:3ರ 'ಪ್ನೆವ್ಮದಲ್ಲಿ ಬಡವರು' ಕೂಡ ನನ್ನ ಖಾಲಿ ಪುಟದಲ್ಲೇ ಇದೆ, ವರ್ಷಗಳಿಂದ.

ಪದಮೂಲದ ಹಿಂದೆ ಜಾಸ್ತಿ ಓಡಬೇಡಿ. ನ್ಯುಮೋನಿಯಾ ಅನ್ನುವ ಕಾಯಿಲೆಯ ಹೆಸರು ಇದೇ ಪದದಿಂದ ಹುಟ್ಟಿದ್ದು ಅಂತ ತುಂಬಾ ಜನ ಹೇಳುತ್ತಾರೆ. ಅದು ಬಂದದ್ದು ಶ್ವಾಸಕೋಶ ಅನ್ನುವ ಅರ್ಥದ 'ಪ್ನೆವ್ಮೋನ್'ನಿಂದ. ಆ ಪದ ಮೊದಲು 'ಪ್ಲೆವ್ಮೋನ್' ಅಂತಿತ್ತು, ಉಸಿರಿನ ಪದದ ಪ್ರಭಾವದಲ್ಲಿ 'ಲ' ಹೋಗಿ 'ನ' ಬಂತು. ಕಿವಿಗೆ ಒಂದೇ ಥರ ಕೇಳಿಸಿತು ಅಂತ ನೆಂಟಸ್ತಿಕೆ ಕಟ್ಟಬಾರದು.

ಎಲ್ಲಿಂದ ಶುರುಮಾಡಲಿ ಅಂತ ಕೇಳಿದರೆ ಲೂಕ ಎಂಟನೇ ಅಧ್ಯಾಯ ಅನ್ನುತ್ತೇನೆ. ಒಂದು ಸಂಜೆಯ ಕೆಲಸ. ಎರಡನೇ ವಚನದಲ್ಲಿ ಮಗ್ದಲದ ಮರಿಯಳ ಜೊತೆಗಿದ್ದ ಹೆಂಗಸರನ್ನು ಬಿಟ್ಟುಹೋದ ದುಷ್ಟ ಪ್ನೆವ್ಮಗಳು. 25ನೇ ವಚನದಲ್ಲಿ ಯೇಸುವಿನ ಮಾತು ಕೇಳಿದ ಗಾಳಿಗಳು, ಅಲ್ಲಿ ಮಾತ್ರ ಆನೆಮೋಸ್. 29ರಲ್ಲಿ ಸರಪಳಿ ಹರಿದುಕೊಂಡು ಓಡುತ್ತಿದ್ದ ಮನುಷ್ಯನೊಳಗಿನ ಅಶುದ್ಧ ಪ್ನೆವ್ಮ. ಕೊನೆಗೆ 55ರಲ್ಲಿ ಯಾಯೀರನ ಹನ್ನೆರಡು ವರ್ಷದ ಮಗಳು. ಯೇಸು ಕೈ ಹಿಡಿದು ಕರೆಯುತ್ತಾರೆ, ಅವಳ ಪ್ನೆವ್ಮ ತಿರುಗಿ ಬರುತ್ತದೆ, ಅವಳು ತಟ್ಟನೆ ಏಳುತ್ತಾಳೆ, ಇವಳಿಗೆ ಊಟ ಕೊಡಿ ಅನ್ನುತ್ತಾರೆ. ಆ ವಚನವನ್ನು ಯಾವ ಪುಟದಲ್ಲಿ ಬರೆಯುತ್ತೀರಿ, ಉಸಿರಿನದ್ದೋ, ಒಳಗಿನದ್ದೋ? ಪೆನ್ಸಿಲಿನಲ್ಲೇ ಬರೆಯಿರಿ, ಆಮೇಲೆ ಅಳಿಸಿ ಬೇರೆ ಪುಟಕ್ಕೆ ಹಾಕಬೇಕಾಗಬಹುದು.